ಕಡಲಡಿಯ ಗಣಿಯ ಪಾಠ

೧೯೪೭ನೆಯ ಇಸವಿ ಆಗಸ್ಟ್ ೧೫ರಂದು ಭಾರತವು ಸ್ವಾತಂತ್ರ್ಯೋತ್ಸವದ ಸಂಭ್ರಮದಲ್ಲಿತ್ತು. ಅದೇ ದಿನ ಇಂಗ್ಲೆಂಡಿನ ವಾಯವ್ಯ ಕರಾವಳಿಯ ವೈಟ್‌ಹೇವನ್ ಪಟ್ಟಣದಲ್ಲಿ, ಕಡಲಡಿಗೆ ಚಾಚಿದ ವಿಲಿಯಂ ಎಂಬ ಕಲ್ಲಿದ್ದಲ ಗಣಿಯೊಳಗೆ ಅನಿಲವು ಸ್ಫೋಟಿಸಿ ೧೦೪ ಮಂದಿ ಕೆಲಸಗಾರರು ಮಡಿದರು. ಅವರು ನಮ್ಮನ್ನು ಆಳಿದ ದೊರೆಗಳಲ್ಲ. ಬೆವರು ಸುರಿಸಿ ಬದುಕಿದ ಬಡಜನರು.

ಇಂದು ಆ ಪಟ್ಟಣಕ್ಕೆ ಹೋಗುವ ಯಾತ್ರಿಕನನ್ನು ಬಂದರಿನ ವಿಹಾರದೋಣಿಗಳೂ ಹಳೆಯ ಬೀದಿಗಳೂ ಸ್ವಾಗತಿಸುತ್ತವೆ. ಆದರೆ ಬಂದರಿನ ಮೇಲಣ ದಿಣ್ಣೆಯಲ್ಲಿ, ದೀಪದ ಕಂಬದಂತೆ ನಿಂತಿರುವ ಹಳೆಯ ಚಿಮಣಿಯೊಂದನ್ನು ಅವನು ತಪ್ಪದೆ ನೋಡಬೇಕು. ಅದು ವೆಲ್ಲಿಂಗ್‌ಟನ್ ಗಣಿಯ ಕುರುಹು. ೧೯೧೦ನೆಯ ಇಸವಿ ಮೇ ೧೧ರಂದು ಆ ಗಣಿಗೆ ಬೆಂಕಿ ಬಿದ್ದು ೧೩೬ ಮಂದಿ ಗಂಡಸರೂ ಬಾಲಕರೂ ಪ್ರಾಣ ನೀಗಿದರು. ಬೆಂಕಿಯನ್ನಡಗಿಸಲು ಬೇರೆ ದಾರಿ ಕಾಣದೆ, ಒಳಗೆ ಸಿಕ್ಕಿದವರು ಹೊರಬರುವ ಮೊದಲೇ ಗಣಿಯನ್ನು ಗೋಡೆ ಕಟ್ಟಿ ಮುಚ್ಚಲಾಯಿತು. ಮೇಲೆ ಕಾದು ನಿಂತಿದ್ದ ತಾಯಂದಿರ ಸಂಕಟವನ್ನು ವರ್ಣಿಸುವ ಶಕ್ತಿ ನಮಗಿಲ್ಲ.

ಅಂದು ಗಣಿಗಳು ಖಾಸಗಿ ಮಾಲಿಕರ ಸೊತ್ತಾಗಿದ್ದವು. ಲಾಭಕ್ಕಾಗಿ ದುಡಿಸುವವರ ಕೈಯಿಂದ ಅವುಗಳನ್ನು ಬಿಡಿಸಬೇಕೆಂಬುದು ಕಾರ್ಮಿಕರ ಬಹುಕಾಲದ ಬೇಡಿಕೆ. ೧೯೪೭ರ ಜನವರಿ ೧ರಂದು ಅದು ಈಡೇರಿ, ಬ್ರಿಟನ್ನಿನ ಕಲ್ಲಿದ್ದಲ ಗಣಿಗಳು ರಾಷ್ಟ್ರದ ಸೊತ್ತಾದವು. ಎಂಟು ತಿಂಗಳು ತುಂಬುವುದರೊಳಗಾಗಿಯೇ ವಿಲಿಯಂ ಗಣಿಯ ದುರಂತವು ನಡೆಯಿತು. ಒಡೆತನದ ಬದಲಾವಣೆಯು ತಪ್ಪೆಂದು ನಾವು ಹೇಳುವುದಿಲ್ಲ. ಅದು ನ್ಯಾಯವೇ ಆಗಿತ್ತು. ಆದರೆ ಒಡೆಯನು ಬದಲಾದ ಮಾತ್ರಕ್ಕೆ ಅನಿಲದ ಗುಣವು ಬದಲಾಗುವುದಿಲ್ಲ.

ಈ ಪಾಠವು ನಮಗೂ ದುಬಾರಿಯಾಗಿಯೇ ದೊರೆಯಿತು. ಸರ್ಕಾರದ ಹತೋಟಿಗೆ ಬಂದಿದ್ದ ಚಾಸ್‌ನಾಲಾ ಗಣಿಯೊಳಕ್ಕೆ ೧೯೭೫ರ ಡಿಸೆಂಬರ್ ೨೭ರಂದು ನೀರು ನುಗ್ಗಿ ಮುನ್ನೂರಕ್ಕೂ ಹೆಚ್ಚು ಮಂದಿ ಅಸು ನೀಗಿದರು. ಸ್ವರಾಜ್ಯದ ಬಾವುಟವು ಗಣಿಯ ಬಾಯಿಯ ಮೇಲೆ ಹಾರಿದರೆ ಸಾಲದು; ಒಳಗಿಳಿದವನು ಸಂಜೆ ಮನೆಗೆ ಮರಳುವನೆಂಬ ಭರವಸೆಯೂ ಬೇಕು.

ವೈಟ್‌ಹೇವನ್ನಿನ ಕೊನೆಯ ಗಣಿಯಾದ ಹೇಗ್ ೧೯೮೬ರಲ್ಲಿ ಮುಚ್ಚಿತು. ಹೊಸ ಗಣಿಯೊಂದಕ್ಕೆ ೨೦೨೨ರಲ್ಲಿ ಸರ್ಕಾರವು ಕೊಟ್ಟ ಅಪ್ಪಣೆಯನ್ನು ೨೦೨೪ರಲ್ಲಿ ಉಚ್ಚ ನ್ಯಾಯಾಲಯವು ರದ್ದುಗೊಳಿಸಿತು. ಅಲ್ಲಿ ಕಲ್ಲಿದ್ದಲ ಕಾಲವು ಮುಗಿದಿರಬಹುದು, ನಮ್ಮಲ್ಲಿ ಮುಗಿದಿಲ್ಲ. ಆದುದರಿಂದ ಗಣಿಗಳ ತಪಾಸಣೆಗೆ ಹೊಣೆಗಾರರಾದ ಅಧಿಕಾರಿಗಳು ಪ್ರತಿ ಆಗಸ್ಟ್ ೧೫ರಂದು ಬಾವುಟಕ್ಕೆ ವಂದಿಸುವಾಗ, ಆ ೧೦೪ ಮಂದಿಯನ್ನೂ ಒಂದು ಕ್ಷಣ ನೆನೆಯಲಿ.