ಮೊದಲ ಹತ್ತು ಪುಸ್ತಕ ನಮ್ಮವು



ಹೋದ ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಪುಸ್ತಕದ ಕಪಾಟು ಒರೆಸುತ್ತಿದ್ದೆವು. ಜ್ಞಾನೋಪದೇಶದ ಪುಸ್ತಕಗಳ ಅಡಿಯಲ್ಲಿ ಹೊದಿಕೆ ಹರಿದ ನಾಲ್ಕು ಕನ್ನಡ ಅಮರ ಚಿತ್ರ ಕಥೆಗಳು ಸಿಕ್ಕವು. ಕೆಲಸ ಅಲ್ಲಿಗೇ ನಿಂತಿತು. ಎಲ್ಲರೂ ನೆಲದ ಮೇಲೆ ಕೂತು ಓದಿದೆವು. ಆಗ ಒಬ್ಬ ತಮ್ಮ ಕೇಳಿದ: "ಅಣ್ಣಾ, ಇದು ಈಗ ಯಾರ ಕಂಪನಿ?" ಉತ್ತರ ಹೇಳಲು ಹೋಗಿ ಮಧ್ಯಾಹ್ನದ ಊಟ ತಡವಾಯಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ, ಸ್ವಲ್ಪ ಸಿಟ್ಟಿನಿಂದಲೇ.

ಸೇಲಂ, ಧರ್ಮಪುರಿ ಕಡೆಯ ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಇದು ಗೊತ್ತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷ್. ನಮ್ಮಲ್ಲಿ ಹಲವರಿಗೆ ಕನ್ನಡ ಅಕ್ಷರ ಕಲಿಸಿದ್ದು ಯಾವ ಮೇಷ್ಟ್ರೂ ಅಲ್ಲ, ಬೆಂಗಳೂರಿನ ನೆಂಟರು ರಜೆಗೆ ಬರುವಾಗ ತಂದ ಚಿತ್ರಕಥೆಗಳು. ಮೊದಲು ಚಿತ್ರ ನೋಡಿ ಮಾತನ್ನು ಊಹಿಸುವುದು, ಆಮೇಲೆ ಬಲೂನಿನೊಳಗಿನ ಅಕ್ಷರ ಕೂಡಿಸುವುದು. ಒತ್ತಕ್ಷರ ಬಂದದ್ದೂ ಹಾಗೇ. (ತಮಿಳಿನಲ್ಲಿ ಒತ್ತಕ್ಷರವೇ ಇಲ್ಲ, ನಮ್ಮ ಕಷ್ಟ ಅರ್ಥ ಮಾಡಿಕೊಳ್ಳಿ.) ಹಾಗಾಗಿ ಚಿತ್ರಕಥೆಯ ಕಂಪನಿಯನ್ನು ಯಾರು ಕೊಂಡರು, ಯಾರು ಮಾರಿದರು ಅನ್ನುವುದನ್ನು ಷೇರು ಮಾರುಕಟ್ಟೆಯ ಸುದ್ದಿ ಅಂತ ಬಿಟ್ಟುಬಿಡಲು ನಮ್ಮಿಂದ ಆಗುವುದಿಲ್ಲ.

ಅಮರ ಚಿತ್ರ ಕಥೆಯನ್ನು 1967ರಲ್ಲಿ ಅನಂತ ಪೈ ಶುರು ಮಾಡಿದರು ಅಂತ ಎಲ್ಲರೂ ಹೇಳುತ್ತಾರೆ. ಪೈ ಕಾರ್ಕಳದವರು, ನಮ್ಮ ಹಾಗೇ ರಸಾಯನಶಾಸ್ತ್ರ ಓದಿದವರು, ಅವರ ಮೇಲೆ ನಮಗೆ ಬಹಳ ಪ್ರೀತಿ. ಆದರೆ ಅದಕ್ಕೂ ಎರಡು ವರ್ಷ ಮೊದಲು, 1965ರಲ್ಲಿ, ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ಗಾಗಿ ದುಡಿಯುತ್ತಿದ್ದ ಜಿ.ಕೆ. ಅನಂತರಾಮ್ ಇದೇ ಹೆಸರಿನಲ್ಲಿ ಕನ್ನಡ ಪುಸ್ತಕಗಳನ್ನು ತಂದಿದ್ದರು. ಮೊದಲ ಹತ್ತು ಪುಸ್ತಕ ಕನ್ನಡದವು. ಇಂಗ್ಲಿಷಿನಲ್ಲಿ ಮೊದಲು ಬಂದ ‘ಕೃಷ್ಣ’ದ ಮೇಲೆ 11 ಅನ್ನುವ ಸಂಖ್ಯೆ ಬಿದ್ದದ್ದು ಅದಕ್ಕೇ. ನಾವು ತಂಗಳು ಊಟಕ್ಕೆ ಬಂದ ನೆಂಟರಲ್ಲ, ಒಲೆ ಹೊತ್ತಿಸಿದ್ದೇ ನಮ್ಮ ಭಾಷೆಯಲ್ಲಿ.

ಆಮೇಲೆ ಏನಾಯಿತು? 2007ರಲ್ಲಿ ಎಸಿಕೆ ಮೀಡಿಯಾ ಅನ್ನುವ ಹೊಸ ಕಂಪನಿ ಇಡೀ ಮಾಲೆಯನ್ನೂ ‘ಟಿಂಕಲ್’ ಅನ್ನೂ ಕೊಂಡಿತು. 2011ರ ಫೆಬ್ರವರಿಯಲ್ಲಿ ಪೈ ತೀರಿಕೊಂಡರು. ಅದೇ ವರ್ಷ ಬಿಗ್ ಬಜಾರ್‌ನ ಫ್ಯೂಚರ್ ಗ್ರೂಪ್ ಕಂಪನಿಯ ದೊಡ್ಡ ಪಾಲು ತೆಗೆದುಕೊಂಡಿತು. ಬೇಳೆ, ಬೆಡ್‌ಶೀಟ್, ಪ್ರೆಶರ್ ಕುಕ್ಕರ್, ಅದರ ಜೊತೆ ಕಥೆ ಪುಸ್ತಕ! ಕೆಲವೇ ವರ್ಷಗಳಲ್ಲಿ ಆ ಗ್ರೂಪಿನ ಅಂಗಡಿಗಳು ಸಾಲದಲ್ಲಿ ಮುಳುಗಿದವು. 2020ರಲ್ಲಿ ರಿಲಯನ್ಸ್‌ಗೆ ಮಾರುವ ಒಪ್ಪಂದವಾಯಿತು, ಅಮೆಜಾನ್ ಕೋರ್ಟಿಗೆ ಹೋಯಿತು, 2022ರಲ್ಲಿ ಒಪ್ಪಂದವೇ ಮುರಿದುಬಿತ್ತು. ಮಕ್ಕಳ ಪುಸ್ತಕದ ನಾಳೆಯನ್ನು ಸೂಪರ್ ಮಾರ್ಕೆಟ್ಟಿನ ಸಾಲಕ್ಕೆ ಕಟ್ಟಿಹಾಕುವುದು ಯಾವ ನ್ಯಾಯ?

ಹೊರದೇಶದಲ್ಲೂ ಇದೇ ಹಾಡು. ಮಾರ್ವೆಲ್ ಅನ್ನು 1989ರಲ್ಲಿ ರೊನಾಲ್ಡ್ ಪೆರೆಲ್‌ಮನ್ ಎಂಬ ಶ್ರೀಮಂತ 8.25 ಕೋಟಿ ಡಾಲರಿಗೆ ಕೊಂಡ. 1996ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2009ರಲ್ಲಿ ಡಿಸ್ನಿ ಅದನ್ನೇ ಸುಮಾರು 400 ಕೋಟಿ ಡಾಲರಿಗೆ ಕೊಳ್ಳುವುದಾಗಿ ಹೇಳಿತು. ಅಷ್ಟು ಹಣ ಕೊಟ್ಟದ್ದು ಕಾಗದದ ಪುಸ್ತಕಕ್ಕೆ ಅಂತ ಯಾರಾದರೂ ನಂಬುತ್ತೀರಾ? ನಮ್ಮ ಸಂಘದಲ್ಲಿ ಸ್ಪೈಡರ್‌ಮ್ಯಾನ್ ಟೀ ಶರ್ಟ್ ಇರುವವರು ಆರು ಜನ. ಸ್ಪೈಡರ್‌ಮ್ಯಾನ್ ಪುಸ್ತಕ ಕೈಯಲ್ಲಿ ಹಿಡಿದವರು ಒಬ್ಬರೂ ಇಲ್ಲ. ಕೊಳ್ಳುವವನಿಗೆ ಬೇಕಾದ್ದು ಹೆಸರು ಮತ್ತು ಮುಖ. ಓದುವವನು ಲೆಕ್ಕಕ್ಕಿಲ್ಲ, ಅದರಲ್ಲೂ ಸಣ್ಣ ಭಾಷೆಯಲ್ಲಿ, ಗಡಿಯಾಚೆ ಕೂತು ಓದುವವನಂತೂ ಇಲ್ಲವೇ ಇಲ್ಲ.

ನಮ್ಮಲ್ಲೊಬ್ಬ ಬಿ.ಕಾಂ. ಗೆಳೆಯ ವಾದ ಹೂಡಿದ: "ಯಾರೂ ಕೊಳ್ಳದಿದ್ದರೆ ಮುಚ್ಚಿಹೋಗುತ್ತಿತ್ತಲ್ಲ?" ಇರಬಹುದು. ಫೋನಿನಲ್ಲಿ ಓದುವ ಆ್ಯಪ್ ಬಂದದ್ದು ಹೊಸ ಮಾಲೀಕರ ಕಾಲದಲ್ಲೇ, ಒಪ್ಪುತ್ತೇವೆ. ಆದರೆ ದೊಡ್ಡ ಕಂಪನಿ ಅಂದರೆ ಭದ್ರ ಅನ್ನುವುದನ್ನು ಒಪ್ಪಲಾರೆವು. ಫ್ಯಾಂಟಮ್, ಮಾಂಡ್ರೇಕ್‌ರನ್ನು ಮನೆಮನೆಗೆ ತಂದ ಇಂದ್ರಜಾಲ ಕಾಮಿಕ್ಸ್ ಟೈಮ್ಸ್ ಆಫ್ ಇಂಡಿಯಾದಂಥ ದೊಡ್ಡ ಸಂಸ್ಥೆಯದು. 1964ರಲ್ಲಿ ಶುರುವಾಯಿತು, 1990ರಲ್ಲಿ ನಿಲ್ಲಿಸಿಬಿಟ್ಟರು.

ಈಗ ಶಿವಕಾಶಿ ನೋಡಿ. ನಮ್ಮ ತಮಿಳು ಸ್ನೇಹಿತರು ಪ್ರಾಣ ಬಿಡುವ ಮುತ್ತು ಕಾಮಿಕ್ಸ್ 1972ರಲ್ಲಿ ‘ಇರುಂಬುಕ್ಕೈ ಮಾಯಾವಿ’ಯಿಂದ ಶುರುವಾಯಿತು. 1984ರಲ್ಲಿ ಅದೇ ಮನೆಯ ಮಗ ಲಯನ್ ಕಾಮಿಕ್ಸ್ ತೆರೆದರು. ಇವತ್ತಿಗೂ ಅದೇ ಕುಟುಂಬ ನಡೆಸುತ್ತಿದೆ. ಓದುಗರು ಮೊದಲೇ ಚಂದಾ ಕಟ್ಟುತ್ತಾರೆ, ಪುಸ್ತಕ ಮೇಳದಲ್ಲಿ ಸಂಪಾದಕರನ್ನೇ ಹಿಡಿದು ‘ಆ ಕಥೆ ಯಾವಾಗ?’ ಅಂತ ಕೇಳುತ್ತಾರೆ. ತಮಾಷೆ ಏನೆಂದರೆ, ಆ ಕಬ್ಬಿಣದ ಕೈಯ ನಾಯಕ ಹುಟ್ಟಿದ್ದು 1962ರಲ್ಲಿ ಇಂಗ್ಲೆಂಡಿನ ‘ವೇಲಿಯಂಟ್’ ಪತ್ರಿಕೆಯಲ್ಲಿ. ಅಲ್ಲಿ ಅವನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಿ, ಕೊನೆಗೆ 2018ರಲ್ಲಿ ಆಕ್ಸ್‌ಫರ್ಡಿನ ರೆಬೆಲಿಯನ್ ಎಂಬ ವಿಡಿಯೊ ಗೇಮ್ ಕಂಪನಿಗೆ ಸೇರಿದ. ಆ ಕಂಪನಿಯ ಅಣ್ಣತಮ್ಮಂದಿರು ಸ್ವತಃ ಕಾಮಿಕ್ಸ್ ಹುಚ್ಚರು. ಹಳೆಯ ಕಥೆಗಳನ್ನು ಪೆಟ್ಟಿಗೆಯಿಂದ ತೆಗೆದು ಚಂದದ ಪುಸ್ತಕವಾಗಿ ಮತ್ತೆ ಅಚ್ಚು ಹಾಕಿದರು. ಅಂದರೆ ಕೊಳ್ಳುವವನೂ ಓದುಗನಾಗಿದ್ದರೆ ಕಥೆ ಬದುಕುತ್ತದೆ.

ಹಾಗಾಗಿ ಅಮರ ಚಿತ್ರ ಕಥೆಯ ಮಾಲೀಕರು ಇಂದು ಯಾರೇ ಇರಲಿ, ನಾಳೆ ಯಾರೇ ಆಗಲಿ, ನಾವು ಕೇಳುವುದು ಇಷ್ಟು: 1965ರ ಆ ಮೊದಲ ಹತ್ತು ಕನ್ನಡ ಪುಸ್ತಕಗಳನ್ನು ಇದ್ದ ಹಾಗೇ ಅಚ್ಚು ಹಾಕಿ, ಒಳಪುಟದಲ್ಲಿ ಅನಂತರಾಮ್ ಅವರ ಹೆಸರು ಹಾಕಿ. ಐವತ್ತು ಪ್ರತಿ ನಾವೇ ಕೊಳ್ಳುತ್ತೇವೆ, ಕಾಸು ಕೂಡಿಸುವ ಜವಾಬ್ದಾರಿ ನಮ್ಮದು. ಈ ಮಾತನ್ನು ಕನ್ನಡದಲ್ಲೇ ಪತ್ರ ಬರೆದು ಅವರಿಗೆ ಕಳಿಸುತ್ತೇವೆ. ಸಹಿ ಹಾಕುವವರು ಬರುವ ಭಾನುವಾರ ಎರಡನೇ ಪೂಜೆಯ ನಂತರ ಸಭಾಂಗಣಕ್ಕೆ ಬನ್ನಿ. ಅಟ್ಟದ ಮೇಲೆ ಹಳೆಯ ಕನ್ನಡ ಚಿತ್ರಕಥೆ ಇದ್ದರೆ ತನ್ನಿ, ಹೊದಿಕೆ ಇಲ್ಲದಿದ್ದರೂ ಪರವಾಗಿಲ್ಲ. ಗೆದ್ದಲು ಹಿಡಿದದ್ದನ್ನು ಮಾತ್ರ ಬಿಸಿಲಿಗಿಟ್ಟು ತನ್ನಿ, ಕಪಾಟು ಈಗಷ್ಟೇ ಒರೆಸಿದ್ದೇವೆ.