ಡೈರೆಕ್ಷನ್ ಒಂದೇ ಸಿನಿಮಾ ಓದಲ್ಲ

ನಮ್ಮ ಪಾಳ್ಯದ ಕಡೆ ಯಾರಾದರೂ ಸಿನಿಮಾ ಓದುತ್ತೇನೆ ಅಂದರೆ ಮನೆಯಲ್ಲಿ ಎರಡು ಪ್ರಶ್ನೆ ಏಳುತ್ತವೆ. ‘ಅದನ್ನೂ ಓದ್ತಾರಾ?’ ಅನ್ನುವುದು ಒಂದು. ‘ಹೀರೊ ಆಗ್ತೀಯಾ, ಡೈರೆಕ್ಟರ್ ಆಗ್ತೀಯಾ?’ ಅನ್ನುವುದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. ಮೈಸೂರಿನ ವಿ.ಕೆ. ಮೂರ್ತಿ 1940ರ ದಶಕದಲ್ಲೇ ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಓದಿ ಮುಂಬೈಗೆ ಹೋದರು. ಗುರುದತ್ ಅವರ ‘ಕಾಗಜ್ ಕೆ ಫೂಲ್’ಗೆ ಕ್ಯಾಮೆರಾ ಹಿಡಿದವರು ಅವರೇ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರೂ ಅವರೇ. ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಆ ಕೋರ್ಸುಗಳು ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆಯಲ್ಲಿವೆ.

ನನ್ನ ತಕರಾರು ಎರಡನೆಯ ಪ್ರಶ್ನೆಯ ಬಗ್ಗೆ. ನಮ್ಮ ಗುಡ್ಡಗಳಿಗೆ ಶೂಟಿಂಗ್‌ನವರು ಬರುವುದು ಹೊಸದಲ್ಲ, ‘ಮುಂಗಾರು ಮಳೆ’ (2006) ಕೂಡ ಸಕಲೇಶಪುರದಲ್ಲಿ ಚಿತ್ರೀಕರಣಗೊಂಡಿತ್ತು. ಯೂನಿಟ್ ಬಂದಾಗ ನಮ್ಮ ಹುಡುಗರಿಗೆ ಸಿಗುವುದು ಜೀಪ್ ಓಡಿಸುವ, ಊಟ ಸಾಗಿಸುವ, ಗುಂಪಿನಲ್ಲಿ ನಿಲ್ಲುವ ಕೆಲಸ. ಉದ್ದ ಕೋಲಿಗೆ ಮೈಕ್ ಕಟ್ಟಿಕೊಂಡು ನಿಂತವನು ಮಾತ್ರ ಹೊರಗಿನವನು. ಆ ಜಾಗದಲ್ಲಿ ನಮ್ಮವರೇಕೆ ಇಲ್ಲ? ಒಂದು ಸಿನಿಮಾಕ್ಕೆ ನಿರ್ದೇಶಕರು ಸಾಮಾನ್ಯವಾಗಿ ಒಬ್ಬರೇ. ಸೌಂಡ್, ಎಡಿಟಿಂಗ್ ಬಲ್ಲವರು ಸಿನಿಮಾಕ್ಕೂ ಬೇಕು, ಧಾರಾವಾಹಿ, ನ್ಯೂಸ್ ಚಾನೆಲ್, ಜಾಹೀರಾತು, ಕೊನೆಗೆ ಮದುವೆ ವಿಡಿಯೊಕ್ಕೂ ಬೇಕು.

ಕೊಡಗಿನ ಪಕ್ಕದ ವಯನಾಡು ನಮ್ಮಂತೆಯೇ ಕಾಫಿ, ಮಳೆ, ಆನೆಗಳ ನಾಡು. ಅಲ್ಲಿನ ನಿತಿನ್ ಲೂಕೋಸ್ ಪುಣೆಯ ಎಫ್‌ಟಿಐಐನಲ್ಲಿ ಓದಿದ್ದು ಸೌಂಡ್. ಮಂಡ್ಯ ಸೀಮೆಯ ನಮ್ಮ ‘ತಿಥಿ’ಗೆ ಧ್ವನಿ ವಿನ್ಯಾಸ ಮಾಡಿದವರು ಅವರು. ಆಮೇಲೆ ತಮ್ಮ ವಯನಾಡಿನ ಕಥೆಯನ್ನೇ ‘ಪಕ’ ಎಂಬ ಸಿನಿಮಾ ಮಾಡಿದರು. ಅದು 2021ರಲ್ಲಿ ಟೊರಾಂಟೊ ಚಿತ್ರೋತ್ಸವ ಸೇರಿತು. ತಗಡಿನ ಮೇಲೆ ಬೀಳುವ ಮಳೆಗೂ ಕಾಫಿ ಎಲೆಯ ಮೇಲೆ ಬೀಳುವ ಮಳೆಗೂ ಇರುವ ವ್ಯತ್ಯಾಸ ಗೊತ್ತಿರುವ ಕಿವಿ ನಮ್ಮಲ್ಲೂ ಇದೆ. ಊರಿನ ಅಭಿಮಾನ ಅನ್ನಿಸಿದರೆ ಅನ್ನಿಸಲಿ.

‘ಮೊಬೈಲ್ ಇದೆ, ಯೂಟ್ಯೂಬ್ ಇದೆ, ಕಾಲೇಜು ಯಾಕೆ?’ ಅನ್ನುವವರಿದ್ದಾರೆ. ಎಡಿಟಿಂಗ್ ಸಾಫ್ಟ್‌ವೇರ್ ಕಲಿಯಲು ಅಷ್ಟು ಸಾಕು. ಆದರೆ ಯೂಟ್ಯೂಬ್ ಸಹಪಾಠಿಗಳನ್ನು ಕೊಡುವುದಿಲ್ಲ. ಎಂಬಿಬಿಎಸ್ ಮುಗಿಸಿದ್ದ ಮೈಸೂರಿನ ಚಿದಾನಂದ ನಾಯ್ಕ್ ಎಫ್‌ಟಿಐಐನ ಒಂದು ವರ್ಷದ ಟಿ.ವಿ. ಕೋರ್ಸ್ ಸೇರಿ, ಜೊತೆಗೆ ಓದಿದವರನ್ನೇ ಕ್ಯಾಮೆರಾ, ಸೌಂಡ್, ಎಡಿಟಿಂಗ್‌ಗೆ ಹಾಕಿಕೊಂಡು ಹದಿನಾರು ನಿಮಿಷದ ಕನ್ನಡ ಚಿತ್ರ ಮಾಡಿದರು. ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ 2024ರ ಮೊದಲ ಬಹುಮಾನ ಅದಕ್ಕೇ ಬಂತು.

ಸರ್ಕಾರಿ ಸಂಸ್ಥೆಗಳಲ್ಲಿ ಸೀಟು ಕಡಿಮೆ. ಖಾಸಗಿ ಕಾಲೇಜಿನ ಬಣ್ಣದ ಬ್ರೋಷರ್ ನೋಡಿ ಲಕ್ಷಗಟ್ಟಲೆ ಕಟ್ಟುವ ಮೊದಲು ಅಲ್ಲಿಗೇ ಹೋಗಿ. ಸೌಂಡ್ ರೂಮ್ ತೋರಿಸಿ ಎನ್ನಿ. ಹೋದ ವರ್ಷದ ವಿದ್ಯಾರ್ಥಿಗಳು ಮಾಡಿದ ಚಿತ್ರಗಳನ್ನು ಹಾಕಿಸಿಕೊಂಡು ನೋಡಿ. ಕ್ಯಾಮೆರಾ ವಾರಕ್ಕೆ ಎಷ್ಟು ಗಂಟೆ ಕೈಗೆ ಸಿಗುತ್ತದೆ ಎಂದು ಸೀನಿಯರ್‌ಗಳನ್ನೇ ಕೇಳಿ, ಆಫೀಸಿನವರನ್ನಲ್ಲ.

ಇನ್ನೊಂದು ಲೆಕ್ಕ ಉಳಿಯುತ್ತದೆ. ಕೋರ್ಸ್ ಮುಗಿದ ಮೇಲೆ ಒಂದೆರಡು ವರ್ಷ ಅಸಿಸ್ಟೆಂಟ್ ಆಗಿ ದುಡಿದದ್ದು ಬೆಂಗಳೂರಿನ ಬಾಡಿಗೆಗೇ ಸಾಲದೆ ಹೋಗಬಹುದು. ಫೀಸಿಗಾಗಿ ತೋಟದ ಮೇಲೆ ಸಾಲ ತೆಗೆದಿದ್ದರೆ ಆ ವರ್ಷಗಳಲ್ಲಿ ಕಂತು ಕಟ್ಟುವವರು ಯಾರು ಎಂಬುದನ್ನು ಅರ್ಜಿ ಹಾಕುವ ಮೊದಲೇ ಅಪ್ಪ ಅಮ್ಮನ ಜೊತೆ ಕೂತು ಮಾತಾಡಿ.