ಬಿಳಿ ಹಾಲು, ಕರಿ ಕೈ



ಮೊನ್ನೆ ಒಂದು ಹಾಸ್ಟೆಲಿನಲ್ಲಿ ರಾತ್ರಿ ಊಟ ಆದ ಮೇಲೆ ಮಾತು ಎದ್ದಿತು. ಕಡಬದ ಕಡೆಯ ನಮ್ಮವನೇ ಒಬ್ಬ ಹುಡುಗ ತಟ್ಟೆ ತೊಳೆಯುತ್ತಾ ಹೇಳಿದ: "ಈ ಸಿಲೋನಿನವರು ಬಂದು ನಮ್ಮ ಸೀಟು ತಿಂತಾರೆ ಮಾರಾಯ. ಅವರಿಗೆ ಎಂತಕ್ಕೆ ಎಸ್.ಸಿ. ಸರ್ಟಿಫಿಕೇಟು? ಅವರ ಊರಿಗೆ ಹೋಗಿ ಕೇಳಲಿ." ಪಕ್ಕದಲ್ಲೇ ರಬ್ಬರ್ ಕಾಲೊನಿಯ ಹುಡುಗನೊಬ್ಬ ನಿಂತಿದ್ದ. ಅವನು ಹುಟ್ಟಿದ್ದು ಇಲ್ಲೇ. ಅವನ ಅಪ್ಪ ಹುಟ್ಟಿದ್ದೂ ಇಲ್ಲೇ. ಕನ್ನಡ ಶಾಲೆಯಲ್ಲಿ ಕಲಿತವನು. ಒಂದೂ ಮಾತಾಡದೆ ತಟ್ಟೆ ಇಟ್ಟು ಹೋದ.

ಆ ಮೌನ ನನ್ನನ್ನು ಮಲಗಲು ಬಿಡಲಿಲ್ಲ. ಅವನ ಊರು ಯಾವುದು? ಈ ಪ್ರಶ್ನೆಗೆ ಉತ್ತರ ಕಡಬದಲ್ಲಿ ಸಿಗುವುದಿಲ್ಲ. ಲಂಡನ್, ಆಫ್ರಿಕ, ಸಿಲೋನ್ ಎಲ್ಲ ಸುತ್ತಿ ಬರಬೇಕು. ಬನ್ನಿ, ಸುತ್ತಿ ಬರೋಣ.

ಬ್ರಿಟನ್ನಿನ ಹಡಗುಗಳು 30 ಲಕ್ಷಕ್ಕೂ ಹೆಚ್ಚು ಆಫ್ರಿಕನ್ನರನ್ನು ಸರಪಳಿ ಹಾಕಿ ಸಮುದ್ರ ದಾಟಿಸಿದವು. ಹಿಡಿದು ಕೊಟ್ಟವರು ಯಾರು? ಬಹಳ ಕಡೆ ಅಲ್ಲಿನ ರಾಜರು, ಅಲ್ಲಿನ ವ್ಯಾಪಾರಿಗಳು. ಬಿಳಿಯರು ಬಂದೂಕು ಕೊಟ್ಟರು, ಅವರು ಮನುಷ್ಯರನ್ನು ಕೊಟ್ಟರು. ಹಳ್ಳಿ ಹಳ್ಳಿಯ ಪ್ರಾಯದ ಹುಡುಗ ಹುಡುಗಿಯರು ಮಾಯವಾದರು. ಆ ಗುಲಾಮರು ಬೆಳೆದ ಸಕ್ಕರೆ, ಹತ್ತಿ ಬ್ರಿಟನ್ನಿಗೆ ಬಂತು. ಲಿವರ್‌ಪೂಲ್ ಬಂದರು ಕೊಬ್ಬಿತು. ಮ್ಯಾಂಚೆಸ್ಟರಿನಲ್ಲಿ ಗಿರಣಿಗಳ ಚಿಮಣಿ ಎದ್ದವು. ಅಲ್ಲಿನ ಬಡವನೂ ಸುಖವಾಗಿರಲಿಲ್ಲ ನೋಡಿ. ಬಟ್ಟೆ ಗಿರಣಿಗಳಲ್ಲಿ 9 ವರ್ಷದ ಒಳಗಿನ ಮಕ್ಕಳನ್ನು ದುಡಿಸಬಾರದು ಎಂದು 1833ರಲ್ಲಿ ಕಾಯಿದೆ ಮಾಡಬೇಕಾಯಿತು ಅಂದರೆ ಅಲ್ಲಿಯವರೆಗೆ ದುಡಿಸುತ್ತಿದ್ದರು ಅಂತಲೇ ಅರ್ಥ.

ಅದೇ 1833ರಲ್ಲಿ ಗುಲಾಮಗಿರಿ ರದ್ದಿನ ಕಾಯಿದೆಯೂ ಬಂತು. ಎರಡು ಕೋಟಿ ಪೌಂಡು ಪರಿಹಾರ ಕೊಟ್ಟರು. ಯಾರಿಗೆ? ಚಾಟಿ ತಿಂದವನಿಗಲ್ಲ, ಚಾಟಿ ಹಿಡಿದವನಿಗೆ! ಗುಲಾಮನಿಗೆ ಒಂದು ಕಾಸೂ ಇಲ್ಲ, ಒಂದು ಗೇಣು ಭೂಮಿಯೂ ಇಲ್ಲ. ಈ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ನಮ್ಮ ಊರಲ್ಲಿ ಮತ್ತೆ ಬರ್ತದೆ.

ಆ ಕಾಯಿದೆ ಕಂಪನಿಯ ಆಳ್ವಿಕೆಯ ಇಂಡಿಯಕ್ಕೆ ಅನ್ವಯವೇ ಆಗಲಿಲ್ಲ. 1799ರಲ್ಲಿ ಕೆನರಾ ಕಂಪನಿಯ ಕೈಗೆ ಬಂದಿತ್ತು. 1801ರಲ್ಲಿ ಇಲ್ಲಿ ತಿರುಗಾಡಿದ ಬುಕಾನನ್ ತುಳುನಾಡಿನ ಜೀತದಾಳುಗಳನ್ನು ಗುಲಾಮರು ಎಂದೇ ಬರೆದ. ಹಳೆಯ ಸರಕಾರಿ ಪುಸ್ತಕಗಳಲ್ಲಿ ನಮ್ಮನ್ನು ಎರಡು ಬಗೆ ಮಾಡಿದ್ದಾರೆ: ವರ್ಗ ಭೂಮಿಗೆ ತಲೆತಲಾಂತರದಿಂದ ಅಂಟಿಕೊಂಡವನು ಮೂಲದ ಹೊಲೆಯ, ಸಾಲಕ್ಕೆ ಸಿಕ್ಕಿದವನು ಸಾಲದ ಹೊಲೆಯ. ಕಂಪನಿಗೆ ಬೇಕಾದದ್ದು ಕಂದಾಯ. ಕಂದಾಯ ಕಟ್ಟುವವನು ಧಣಿ. ಧಣಿಯ ಗದ್ದೆ ಉಳುವವನು ನನ್ನ ಮುತ್ತಜ್ಜ. ಹಾಗಿರುವಾಗ ಕಂಪನಿ ಯಾರ ಪರ ನಿಂತೀತು? 1843ರಲ್ಲಿ ಕಾಯಿದೆ ಬಂತು, ಕೋರ್ಟುಗಳು ಗುಲಾಮಗಿರಿಯನ್ನು ಒಪ್ಪಬಾರದು ಎಂದಿತು. ಗದ್ದೆಯಲ್ಲಿದ್ದವನಿಗೆ ಕೋರ್ಟು ಎಲ್ಲಿ ಗೊತ್ತಿತ್ತು?

ಇತ್ತ ಗುಲಾಮ ಹೋದ ಮೇಲೆ ತೋಟಗಳಿಗೆ ಹೊಸ ಕೈ ಬೇಕಾಯಿತು. ಬ್ರಿಟಿಷರ ಕಣ್ಣು ಮದ್ರಾಸ್ ಪ್ರಾಂತದ ಹಸಿದ ಕೇರಿಗಳ ಮೇಲೆ ಬಿತ್ತು. ಕಂಗಾಣಿ ಎಂಬ ಮೇಸ್ತ್ರಿ ಮುಂಗಡ ಕೊಟ್ಟು ಜನರನ್ನು ಸಿಲೋನಿನ ಕಾಫಿ ತೋಟಕ್ಕೆ ನಡೆಸಿಕೊಂಡು ಹೋದ. ಹೋದವರಲ್ಲಿ ಬಹಳ ಜನ ಪಳ್ಳರು, ಪರೆಯರು, ಚಕ್ಕಿಲಿಯರು. ಅಂದರೆ ನಾವೇ. ಅಲ್ಲಿ 'ತುಂಡು' ಅಂತ ಒಂದು ಚೀಟಿ. ಕೂಲಿಯವನ ಸಾಲ ಎಷ್ಟು ಎಂದು ಅದರಲ್ಲಿ ಬರೆದಿರುತ್ತಿತ್ತು. ಆ ಸಾಲ ತೀರಿಸಿದ ತೋಟದವನಿಗೆ ಆಳು ಸಿಕ್ಕಿದ. ಇದಕ್ಕೂ ನಮ್ಮ ಸಾಲದ ಹೊಲೆಯನಿಗೂ ಎಂತ ವ್ಯತ್ಯಾಸ, ಹೇಳಿ? 1869ರಿಂದ ಎಲೆ ರೋಗ ಬಂದು ಕಾಫಿ ಸತ್ತಿತು. ಚಹಾ ಬಂತು, ಆಮೇಲೆ ರಬ್ಬರ್ ಬಂತು. ಬೆಳೆ ಬದಲಾಯಿತು, ಲೈನು ಮನೆ ಬದಲಾಗಲಿಲ್ಲ.

ರಬ್ಬರಿನ ಕಥೆ ಕೇಳಿ. 1876ರಲ್ಲಿ ವಿಕ್‌ಹ್ಯಾಮ್ ಎಂಬವನು ಬ್ರೆಜಿಲಿನಿಂದ 70 ಸಾವಿರದಷ್ಟು ಬೀಜ ಲಂಡನ್ನಿನ ಕ್ಯೂ ತೋಟಕ್ಕೆ ತಂದ. ಅಲ್ಲಿ ಮೊಳೆತ ಸಸಿ ಸಿಲೋನಿಗೆ ಬಂತು. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟಯರು ಮಾಡಿದ. ಯೂರೋಪು ಸೈಕಲ್ ಹತ್ತಿತು, ಕಾರು ಹತ್ತಿತು. ಅದೇ ಹೊತ್ತಿಗೆ ಕಾಂಗೋದಲ್ಲಿ ಬೆಲ್ಜಿಯಂ ರಾಜ ಲಿಯೋಪೋಲ್ಡ್ 1885ರಿಂದ 1908ರವರೆಗೆ ಇಡೀ ದೇಶವನ್ನು ತನ್ನ ಸ್ವಂತ ಜಮೀನಿನ ಹಾಗೆ ಇಟ್ಟುಕೊಂಡ. ಹೇಳಿದಷ್ಟು ರಬ್ಬರ್ ತಾರದ ಹಳ್ಳಿಗಳಲ್ಲಿ ಅವನ ಸಿಪಾಯಿಗಳು ಕೈ ಕಡಿದರು. ಬೆಳಿಗ್ಗೆ ಕತ್ತಲೆಗೆ ಎದ್ದು ಮರ ಕೆತ್ತಿ ಗೆರಟೆಗೆ ಹಾಲು ಇಳಿಸುವ ನಮ್ಮ ಅಕ್ಕಂದಿರೇ, ಆ ಬಿಳಿ ಹಾಲಿನ ಹಿಂದೆ ಇಷ್ಟು ಕರಿ ಕೈಗಳು ಉಂಟು.

ಈಗ ಕಾಲೊನಿಯ ಹುಡುಗನ ಹತ್ತಿರ ಬರೋಣ. 1948ರಲ್ಲಿ ಸ್ವತಂತ್ರ ಸಿಲೋನ್ ಕಾಯಿದೆ ಮಾಡಿ ತೋಟದ ತಮಿಳರ ಪೌರತ್ವ ಕಿತ್ತಿತು. 1964ರಲ್ಲಿ ಶಾಸ್ತ್ರಿಯವರೂ ಸಿರಿಮಾವೋ ಅವರೂ ಒಪ್ಪಂದ ಮಾಡಿಕೊಂಡರು: 5 ಲಕ್ಷದ 25 ಸಾವಿರ ಜನ ಇಂಡಿಯಕ್ಕೆ, 3 ಲಕ್ಷ ಜನ ಸಿಲೋನಿಗೆ. ಅಡಿಕೆ ಮೂಟೆ ಪಾಲು ಮಾಡಿದ ಹಾಗೆ! ಅವರನ್ನು ಯಾರೂ ಕೇಳಲಿಲ್ಲ. ಹಾಗೆ ಬಂದವರಲ್ಲಿ ಕೆಲವರನ್ನು ಪುತ್ತೂರು, ಸುಳ್ಯ ಸೀಮೆಯ ಸರಕಾರಿ ರಬ್ಬರ್ ತೋಟಗಳಿಗೆ ತಂದರು. ಕತ್ತಿ ಹಿಡಿದು ಹೋದವರು ಕತ್ತಿ ಹಿಡಿದೇ ಬಂದರು.

ಅವರಿಗೆ ಇಲ್ಲಿ ಏನು ಸಿಕ್ಕಿತು? ದುಡಿಯುವವರೆಗೆ ಇರಲಿಕ್ಕೆ ಮನೆ, ಸ್ವಂತದ್ದಲ್ಲ. ಒಂದು ರಾಜ್ಯದ ಪಟ್ಟಿಯ ಎಸ್.ಸಿ. ವಲಸೆ ಹೋದ ರಾಜ್ಯದಲ್ಲಿ ಆ ಮೀಸಲಾತಿ ಕೇಳುವ ಹಾಗಿಲ್ಲ ಎಂದು 1990ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇವರು ಸುಖ ಹುಡುಕಿ ಬಂದ ವಲಸೆಯವರೇ? ಎರಡು ಸರಕಾರಗಳು ಸಹಿ ಹಾಕಿ ಸಾಗಿಸಿದ ಜನ. ಅಸ್ಪೃಶ್ಯತೆ ಮಾತ್ರ ಗಡಿ, ಸಮುದ್ರ ಯಾವುದನ್ನೂ ಕೇಳದೆ ಜೊತೆಗೇ ಬಂತು. ಸರ್ಟಿಫಿಕೇಟು ಮಾತ್ರ ಯಾಕೆ ಬರಬಾರದು?

ನಮ್ಮವನ ಸಿಟ್ಟೂ ಸುಳ್ಳಲ್ಲ. ಸೀಟು ಕಡಿಮೆ, ಹಸಿವು ಹೆಚ್ಚು. ಆದರೆ ಲೆಕ್ಕ ತಪ್ಪಿದೆ ಗೆಳೆಯಾ. ನಿನ್ನ ಪಾಲು ತಿಂದವನು ನಿನ್ನ ಪಕ್ಕದ ಮಂಚದವನಲ್ಲ. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಧಣಿಯಾದ. ಒಳ್ಳೆಯದೇ ಆಯಿತು. ಆದರೆ ನಮ್ಮವರಲ್ಲಿ ಬಹುಪಾಲು ಗೇಣಿದಾರರೇ ಆಗಿರಲಿಲ್ಲ, ಬರೀ ಆಳುಗಳು. ಗೇಣಿ ಚೀಟಿ ಇಲ್ಲದವನಿಗೆ ಗದ್ದೆ ಎಲ್ಲಿಂದ? 1833ರ ಲೆಕ್ಕ ಇಲ್ಲಿ ಬಂತು ನೋಡಿ: ಬಿಡುಗಡೆ ಕೊಟ್ಟರು, ಭೂಮಿ ಕೊಡಲಿಲ್ಲ. ಮದ್ರಾಸ್ ಸರಕಾರದ ಕಾಲದಲ್ಲಿ ಡಿಪ್ರೆಸ್ಡ್ ಕ್ಲಾಸಿನವರಿಗೆ ಅಂತ ಕಾದಿರಿಸಿದ ಡಿ.ಸಿ. ಮನ್ನಾ ಜಾಗ ಉಂಟಲ್ಲ, ಅದರಲ್ಲಿ ಇವತ್ತು ಯಾರ ಅಡಿಕೆ, ಯಾರ ರಬ್ಬರ್ ಉಂಟು? ನಿನ್ನ ಗ್ರಾಮದ ಆರ್.ಟಿ.ಸಿ. ತೆಗೆದು ನೋಡಿದ್ದೀಯಾ?

ಕೆಲವು ಹಿರಿಯರು ಹೇಳುತ್ತಾರೆ, ಬ್ರಿಟಿಷರು ಬಾರದಿದ್ದರೆ ನಮಗೆ ಅಕ್ಷರ ಸಿಗುತ್ತಿರಲಿಲ್ಲ ಎಂದು. ಅದರಲ್ಲಿ ಸತ್ಯ ಇದೆ. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದದ್ದು ಆ ಕಾಲದಲ್ಲೇ. ತೆರೆದ ಬಾಗಿಲಿಗೆ ಋಣ ಇರಲಿ. ಆದರೆ ಅದೇ ಆಳ್ವಿಕೆ ನಮ್ಮ ಅಣ್ಣಂದಿರನ್ನು ಸಾಲದ ಚೀಟಿ ಕಟ್ಟಿ ಹಡಗಿಗೆ ಹತ್ತಿಸಿದ್ದನ್ನೂ ಮರೆಯಬಾರದು.

ಕೊನೆಗೆ ಒಂದು ಮಾತು. ಅಮೆರಿಕದ ಅಂತರ್ಯುದ್ಧದಲ್ಲಿ ಗುಲಾಮರ ಹತ್ತಿ ಬರುವುದು ನಿಂತು ಮ್ಯಾಂಚೆಸ್ಟರ್ ಸುತ್ತಿನ ಗಿರಣಿಗಳು ಮುಚ್ಚಿದವು. ಕೆಲಸಗಾರರ ಮನೆಯಲ್ಲಿ ಒಲೆ ಉರಿಯಲಿಲ್ಲ. ಆದರೂ 1862ರ ಡಿಸೆಂಬರ್ 31ರಂದು ಅವರು ಮ್ಯಾಂಚೆಸ್ಟರಿನಲ್ಲಿ ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ಲಿಂಕನ್ನನಿಗೆ ಬೆಂಬಲದ ಪತ್ರ ಕಳಿಸಿದರು. ಎಲ್ಲ ಕೆಲಸಗಾರರೂ ಒಪ್ಪಿದ್ದರು ಅಂತಲ್ಲ. ಆದರೆ ಒಪ್ಪಿದವರು ತಮ್ಮ ಹೊಟ್ಟೆಯ ಎದುರು ನಿಂತು ಒಪ್ಪಿದರು. ಕಾಣದ ಕರಿಯನಿಗಾಗಿ ಅವರಿಗೆ ಅಷ್ಟು ಸಾಧ್ಯವಾದರೆ, ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುವವನಿಗಾಗಿ ನಮಗೆ ಆಗುವುದಿಲ್ಲವೇ?

ಆ ಹುಡುಗನನ್ನು ಮುಂದಿನ ಸಭೆಗೆ ಕರೆಯೋಣ. ಡಿ.ಸಿ. ಮನ್ನಾ ಭೂಮಿಗೆ ಅವನು ನಮ್ಮ ಜೊತೆ ಕೂಗಲಿ. ಅವನ ಸರ್ಟಿಫಿಕೇಟಿಗೆ, ಅವನ ಅಪ್ಪನ ಮನೆಗೆ ನಾವು ಕೂಗೋಣ. ಅಲ್ಲಿಯವರೆಗೆ ನಮ್ಮ ಜೈ ಭೀಮ್ ಅರ್ಧ ಮಾತ್ರ.